ಆನ್‌ಲೈನ್ ಎಂ.ಎಸ್‌ಗೆ ಸೇರಿದರೆ ಅಮೆರಿಕದ ವೀಸಾ ಸಿಗುತ್ತದೆಯೇ?

ಅಮೆರಿಕದ ವಿಶ್ವವಿದ್ಯಾಲಯದ ಆನ್‌ಲೈನ್ ಎಂ.ಎಸ್‌ಗೆ ಸೇರಿ, ಅದರ ಆಧಾರದ ಮೇಲೆ ವೀಸಾ ಪಡೆದು ಅಲ್ಲೇ ಕೆಲಸಕ್ಕೂ ಸೇರಬಹುದು ಎನ್ನುವ ಸಂದೇಶ ಗುಂಪಿನಿಂದ ಗುಂಪಿಗೆ ಹೋಗುತ್ತಲೇ ಇದೆ. ಇದು ಸರಿಯಲ್ಲ.

ಎಫ್-1 ವಿದ್ಯಾರ್ಥಿ ವೀಸಾಕ್ಕೆ ಮೊದಲು ಐ-20 ಬೇಕು, ಅಂದರೆ ಆ ವೀಸಾಕ್ಕೆ ಅರ್ಹರೆಂದು ವಿಶ್ವವಿದ್ಯಾಲಯ ಕೊಡುವ ಪತ್ರ. ಪೂರ್ತಿ ಆನ್‌ಲೈನ್ ಕೋರ್ಸಿಗೆ ಅದನ್ನು ಕೊಡುವುದಿಲ್ಲ. ಕ್ಯಾಂಪಸ್‌ನಲ್ಲಿ ಓದುವವರಿಗೂ ಮಿತಿಯಿದೆ: ಒಂದು ಸೆಮಿಸ್ಟರಿನ ಪೂರ್ಣಾವಧಿ ಓದಿನ ಲೆಕ್ಕಕ್ಕೆ ಬರುವುದು ಒಂದೇ ಆನ್‌ಲೈನ್ ತರಗತಿ ಅಥವಾ 3 ಕ್ರೆಡಿಟ್ (ಓದಿನ ಪ್ರಮಾಣದ ಅಳತೆ). ಓದು ಮುಗಿದ ಮೇಲೆ ಅದೇ ವಿಷಯದಲ್ಲಿ ತಾತ್ಕಾಲಿಕವಾಗಿ ದುಡಿಯಲು ಸಿಗುವ ಓಪಿಟಿ ಎಂಬ ಅನುಮತಿಯೂ ಎಫ್-1 ಇದ್ದವರಿಗಷ್ಟೇ. 2020ರಲ್ಲಿ ಕೋವಿಡ್ ಕಾರಣಕ್ಕೆ ಆನ್‌ಲೈನ್ ಮಿತಿಯನ್ನು ತಾತ್ಕಾಲಿಕವಾಗಿ ಸಡಿಲಿಸಿದ್ದರು. ಗೊಂದಲಕ್ಕೆ ಅದೂ ಒಂದು ಕಾರಣವಿರಬಹುದು. ಹಾಗಾಗಿ ಸಂದೇಶ ಕಳಿಸಿದವರನ್ನು ದೂರಬೇಕಿಲ್ಲ.

ನೀವೇ ಪರೀಕ್ಷಿಸುವುದು ಸುಲಭ. ವಿಶ್ವವಿದ್ಯಾಲಯದ ಸ್ವಂತ ಜಾಲತಾಣದಲ್ಲಿ ಆ ಕೋರ್ಸಿನ ಪುಟ ತೆರೆದು, ವಿದೇಶಿ ಅರ್ಜಿದಾರರ ಭಾಗ ಓದಿ. ‘ಈ ಕೋರ್ಸಿಗೆ ಐ-20 ಇಲ್ಲ’ ಎಂಬ ಸಾಲು ಹಲವೆಡೆ ಪ್ರಶ್ನೋತ್ತರಗಳ ಕೊನೆಯಲ್ಲೆಲ್ಲೋ ಇರುತ್ತದೆ. ಒಂದೇ ಹೆಸರಿನ ಪದವಿ ಕ್ಯಾಂಪಸ್‌ನಲ್ಲೂ ಆನ್‌ಲೈನ್‌ನಲ್ಲೂ ಇರುವುದುಂಟು. ಎಡವುವುದು ಹೆಚ್ಚಾಗಿ ಇಲ್ಲೇ. ಅನುಮಾನವಿದ್ದರೆ ಏಜೆಂಟರನ್ನಲ್ಲ, ಪ್ರವೇಶ ಕಚೇರಿಯನ್ನೇ ಇಮೇಲ್‌ನಲ್ಲಿ ಕೇಳಿ: ‘ಈ ಕೋರ್ಸಿಗೆ ಐ-20 ಕೊಡುತ್ತೀರಾ?’ ಶುಲ್ಕ ಕಟ್ಟುವ ಮುನ್ನವೇ ಕೇಳಿ.

ಅಂದಹಾಗೆ, ಆನ್‌ಲೈನ್ ಪದವಿ ಬೇಡವೆಂದಲ್ಲ. ಮಾನ್ಯತೆಯಿರುವ ಕೋರ್ಸನ್ನು ನಿಮ್ಮ ದೇಶದಲ್ಲೇ ಕುಳಿತು ಓದುವುದಾದರೆ ಅಮೆರಿಕದ ವೀಸಾ ಬೇಕಾಗುವುದೇ ಇಲ್ಲ.