ಬ್ಯಾಟರಿ ಮುಗಿದ ಅತಿಥಿ

ಯುಗಾದಿಯ ಊಟಕ್ಕೆ ಕರೆದಿದ್ದ ಸಹೋದ್ಯೋಗಿಯೊಬ್ಬಳು, ಎರಡನೆಯ ಹೋಳಿಗೆಗೆ ನಾನು ತುಪ್ಪ ಬಡಿಸಲು ಬಾಗಿದಾಗಲೇ, ‘ನನ್ನ ಸೋಶಿಯಲ್ ಬ್ಯಾಟರಿ ಮುಗಿಯಿತು’ ಎಂದು ನಕ್ಕು, ಕೋಟು ತೊಟ್ಟು ಹೊರಟೇಬಿಟ್ಟಳು. ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಒಂಬತ್ತು ವರ್ಷವಾಗಿದ್ದರೂ ಆ ಮಾತು ಚುಚ್ಚಿತು. ಜನರ ನಡುವೆ ಕುಳಿತಿರುವ ತ್ರಾಣ ತೀರಿತು ಎಂದು ಅದರರ್ಥ. ದೂರು ಮನೆಯವರ ಮೇಲಲ್ಲ, ಬ್ಯಾಟರಿಯ ಮೇಲೆ.

ಇಂಗ್ಲಿಷಿನವರಿಗೆ ಈ ಪದ ಎಲ್ಲದಕ್ಕೂ ಬೇಕು. ರಜೆ ಹಾಕಿದರೆ ಬ್ಯಾಟರಿ ರೀಚಾರ್ಜ್, ವೈದ್ಯರು ಸಾಲಾಗಿ ಪರೀಕ್ಷೆ ಬರೆದುಕೊಟ್ಟರೆ ಬ್ಯಾಟರಿ ಆಫ್ ಟೆಸ್ಟ್ಸ್. ‘ಅಸಾಲ್ಟ್ ಅಂಡ್ ಬ್ಯಾಟರಿ’ ಎಂದು ಪತ್ರಿಕೆಯಲ್ಲಿ ಮೊದಲ ಸಲ ಓದಿದಾಗ, ಯಾರೋ ಯಾರಿಗೋ ಹೊಡೆದು ಕಾರಿನ ಬ್ಯಾಟರಿ ಕದ್ದಿರಬೇಕೆಂದೇ ತಿಳಿದಿದ್ದೆ. ಇಲ್ಲಿಯ ಕಾನೂನಿನಲ್ಲಿ ಹೊಡೆತ ಬಿದ್ದೀತೆಂಬ ಭಯ ಹುಟ್ಟಿಸುವುದು ಅಸಾಲ್ಟ್, ಮೈಮುಟ್ಟಿ ಬಲ ತೋರಿಸುವುದು ಬ್ಯಾಟರಿ. ಪದದ ಮೂಲವೇ ಬಡಿತ: ‘ಬಡಿ’ ಎಂಬರ್ಥದ ಫ್ರೆಂಚ್ ಧಾತುವಿನಿಂದ ಫಿರಂಗಿ ಸಾಲಿಗೆ ಆ ಹೆಸರು ಬಂದಿತ್ತು, 1749ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್, ಸೀಸದ ತಗಡು ಹೊದಿಸಿದ ಹನ್ನೊಂದು ಗಾಜಿನ ಹಲಗೆಗಳನ್ನು ಜೋಡಿಸಿ, ಆ ಸಾಲನ್ನು ವಿದ್ಯುತ್ತಿನ ಬ್ಯಾಟರಿ ಎಂದು ಕರೆದ.

ಮಲೆನಾಡಿನ ಸಾಗರದ ಕಡೆಯ ನಮ್ಮ ಮನೆಯಲ್ಲಿ ಬ್ಯಾಟರಿ ಎಂದರೆ ಟಾರ್ಚು. ಅದರೊಳಗೆ ಹಾಕುವುದು ಶೆಲ್ಲು. ಬೆಳಕು ಮಂಕಾದರೆ ಅಜ್ಜ ಎರಡೂ ಶೆಲ್ಲುಗಳನ್ನು ಅಡಿಕೆ ಅಟ್ಟದ ಮೇಲೆ, ಸಿಪ್ಪೆಗೋಟಿನ ಪಕ್ಕದಲ್ಲಿ ಬಿಸಿಲಿಗಿಡುತ್ತಿದ್ದ. ಅವು ಮತ್ತೆ ತುಂಬುವ ಜಾತಿಯವಲ್ಲ. ಕಾವಿಗೆ ಒಳಗಿನ ರಸಾಯನ ತುಸು ಚುರುಕಾಗಿ, ಒಂದೆರಡು ರಾತ್ರಿ ಹೇಗೋ ಸಾಗುತ್ತಿತ್ತು. ಆ ಬೆಳಕು ಹೆಚ್ಚಾಗಿ ಖರ್ಚಾಗುತ್ತಿದ್ದುದು ನೆಂಟರನ್ನು ಕಳಿಸಿಕೊಡುವುದಕ್ಕೆ. ‘ಬರ್ತೇವೆ’ ಎಂದು ಎದ್ದವರು ಜಗಲಿಯಲ್ಲೊಮ್ಮೆ ಎಲೆಯಡಿಕೆಯ ಕವಳ ಹಾಕಿ, ಮೆಟ್ಟಿಲ ಬಳಿ ಮತ್ತೊಮ್ಮೆ ನಿಂತು, ಅಂತೂ ಬೇಲಿಬಾಗಿಲ ದಣಪೆ ತಲುಪಿದ ಮೇಲೆ, ಅಜ್ಜ ಶೆಲ್ಲು ಉಳಿಯಲೆಂದು ಬ್ಯಾಟರಿ ಆರಿಸಿ, ಕತ್ತಲೆಯಲ್ಲೇ ಅವರೊಡನೆ ಅರ್ಧ ಗಂಟೆ ಮಾತಾಡುತ್ತಿದ್ದ. ನಮ್ಮಲ್ಲಿ ಮುಗಿಯುತ್ತಿದ್ದುದು ಶೆಲ್ಲೇ ಹೊರತು ಮನುಷ್ಯರಲ್ಲ ಎಂದು ಅಂದು ರಾತ್ರಿ ಪಾತ್ರೆ ತೊಳೆಯುತ್ತ, ಉಳಿದ ಹೋಳಿಗೆಗಳನ್ನು ಎಣಿಸುತ್ತ, ನಾನು ತೀರ್ಪು ಕೊಟ್ಟುಬಿಟ್ಟೆ.

ಈಗ ಒಪ್ಪಿಕೊಳ್ಳಲೇಬೇಕಾದ ಒಂದು ಮಾತಿದೆ. ನೆಂಟರು ಬಂದ ಮೂರನೆಯ ದಿನ ಅಮ್ಮನಿಗೆ ತಪ್ಪದೆ ತಲೆನೋವು ಬರುತ್ತಿತ್ತು. ಹಣೆಗೆ ಅಮೃತಾಂಜನ ಹಚ್ಚಿಕೊಂಡು ನಡುಮನೆಯ ಕತ್ತಲಲ್ಲಿ ಅರ್ಧ ಗಂಟೆ ಮಲಗಿ, ಮತ್ತೆದ್ದು ಹದಿನಾಲ್ಕು ಜನರ ಸಂಜೆಯ ಚಹಾಕ್ಕೆ ಒಲೆ ಹೊತ್ತಿಸುತ್ತಿದ್ದಳು. ದಣಪೆಯ ಬಳಿ ಕತ್ತಲಲ್ಲಿ ಮಾತಾಡುತ್ತ ನಿಂತವರಲ್ಲಿ ಅವಳು ಒಂದು ದಿನವೂ ಇರಲಿಲ್ಲ.

ಭಾನುವಾರ ಫೋನಿನಲ್ಲಿ ಅವಳಿಗೆ ಈ ಅತಿಥಿಯ ಸಂಗತಿಯನ್ನು ದೂರಿನಂತೆಯೇ ಹೇಳಿದೆ. ‘ಹಾಗೆ ಹೇಳಿ ಎದ್ದು ಹೋಗಬಹುದಾ?’ ಎಂದು ಕೇಳಿದ ಅಮ್ಮ, ಆ ಮಾತನ್ನು ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿಸಿಕೊಂಡಳು.