ಕಾಳಜಿ ಕೇಂದ್ರಕ್ಕೆ ಹೋದರೆ ಪರಿಹಾರ ತಪ್ಪುತ್ತಾ?

ಭೀಮಾ ನದಿ ತುಂಬಿ ಬಂದಾಗ ಕಾಳಜಿ ಕೇಂದ್ರದ (ನೆರೆ ಬಂದಾಗ ಸರ್ಕಾರ ತೆರೆಯುವ ಪರಿಹಾರ ಶಿಬಿರ) ಬಗ್ಗೆ ಒಂದು ಮೆಸೇಜ್ ಓಡಾಡುತ್ತದೆ: 'ಕಾಳಜಿ ಕೇಂದ್ರದಲ್ಲಿ ಹೆಸರು ಬರೆಸಿದರೆ ಮನೆ ಬಿದ್ದ ಪರಿಹಾರ ಸಿಗಲ್ಲ, ಮನೆ ಬಿಡಬೇಡಿ.' ಇದು ಸುಳ್ಳು. ಅಪಾಯದ ಸುಳ್ಳು ಕೂಡ. ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟ ಮೇಲೆ ಕಲಬುರಗಿ ಜಿಲ್ಲೆಯ ಅಫಜಲಪುರ, ಜೇವರ್ಗಿ ಕಡೆಯ ನದಿ ದಂಡೆಯ ಊರುಗಳಲ್ಲಿ ಇದನ್ನು ನಂಬಿ ಮುದುಕರು, ಮಕ್ಕಳು ಮನೆಯಲ್ಲೇ ಉಳಿದರೆ ಏನು ಗತಿ?

2005ರ ವಿಪತ್ತು ನಿರ್ವಹಣಾ ಕಾಯ್ದೆಯ 12ನೇ ಸೆಕ್ಷನ್ ನೋಡಿ. ಶಿಬಿರದಲ್ಲಿ ಆಸರೆ, ಊಟ, ಕುಡಿಯುವ ನೀರು, ಔಷಧ, ಶೌಚಾಲಯ ಇರಬೇಕು ಎನ್ನುವುದೂ ಅಲ್ಲೇ ಇದೆ, ಮನೆ ಹಾನಿಗೆ ಪರಿಹಾರದ ಮಾತೂ ಅಲ್ಲೇ ಇದೆ. ಒಂದನ್ನು ಪಡೆದರೆ ಇನ್ನೊಂದು ಕಳೆದುಹೋಗುವುದಿಲ್ಲ. ಸರ್ವೆಗೆ ಬಂದವರು ನೋಡುವುದು ಗೋಡೆ, ಛಾವಣಿ ಎಷ್ಟು ಹಾಳಾಗಿದೆ ಅಂತ. ನೀವು ರಾತ್ರಿ ಎಲ್ಲಿ ಮಲಗಿದ್ರಿ ಅಂತ ಅಲ್ಲ.

ಮಣ್ಣಿನ ಗೋಡೆಯ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ನೀರು ನಿಂತಾಗ ಗಟ್ಟಿಯಾಗೇ ಕಾಣುತ್ತೆ, ಇಳಿದ ಮೇಲೂ ಕುಸಿಯಬಹುದು. ವಾಪಸ್ ಹೋದ ಕೂಡಲೇ ಒಳಗೆ ಮಲಗಬೇಡಿ. ಕೆಸರು ತೊಳೆಯುವ ಮೊದಲು ಹೊರಗಿನಿಂದಲೇ ಗೋಡೆಯ ಮೇಲಿನ ನೀರಿನ ಗುರುತು, ಬಿರುಕುಗಳ ಫೋಟೋ ತೆಗೆದುಕೊಳ್ಳಿ. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಮೊದಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಜೊತೆಗೆ ಒಯ್ಯಿರಿ. ಸರ್ವೆಯಲ್ಲಿ ನಿಮ್ಮ ಮನೆ ಬಿಟ್ಟುಹೋಗಿದ್ದರೆ ಗ್ರಾಮ ಆಡಳಿತ ಅಧಿಕಾರಿಗೋ ತಹಶೀಲ್ದಾರರಿಗೋ ಅರ್ಜಿ ಬರೆದುಕೊಟ್ಟು, ಸ್ವೀಕೃತಿ ಪಡೆಯಿರಿ.