ಅವಳ ಪ್ರಬಂಧದಲ್ಲಿ ಅವಳೇ ಇರಲಿಲ್ಲ

ನಿನ್ನೆ ಸಂಜೆಯಿಂದ ನನ್ನ ಸಿಟ್ಟು ಇಳಿದಿಲ್ಲ. ಅಮೆರಿಕ ಮತ್ತು ಬ್ರಿಟನ್ನಿನ ಕಾಲೇಜುಗಳಿಗೆ ಅರ್ಜಿ ಹಾಕುತ್ತಿರುವ ದ್ವಿತೀಯ ಪಿಯುಸಿಯ ಹುಡುಗಿಯೊಬ್ಬಳು ಪ್ರಬಂಧ ತೋರಿಸಲೆಂದು ನವನಗರದ ನಮ್ಮ ಮನೆಗೆ ಬಂದಿದ್ದಳು. ಅದು ದುಡ್ಡು ಕೊಟ್ಟು ತಿದ್ದಿಸಿದ ಪ್ರತಿ. ನಾಯಕತ್ವ, ಛಲ, ಸಮಾಜಸೇವೆ, ಜಗತ್ತನ್ನು ಬದಲಿಸುವ ಕನಸು ಎಲ್ಲವೂ ಅದರಲ್ಲಿದ್ದವು. ಆ ಹುಡುಗಿ ಮಾತ್ರ ಇರಲಿಲ್ಲ. ನೀನು ಮೊದಲು ಬರೆದದ್ದು ಎಲ್ಲಿ ಎಂದು ಕೇಳಿದಾಗ ಚೀಲದ ತಳದಿಂದ ಮಡಚಿದ ಎರಡು ಹಾಳೆ ತೆಗೆದಳು. "ಇದು ಬ್ಯಾಡ ಅಂದ್ರರೀ ಸರ, ಮನೀ ಸುದ್ದಿ ಬರೀಬಾರದಂತ."

ಆ ಹಾಳೆಗಳಲ್ಲಿ ಇಳಕಲ್ಲಿನ ಅವಳ ಅವ್ವ ಇದ್ದಳು. ಇಳಕಲ್ ಸೀರೆಯ ಒಡಲಿನ ಹಾಸೇ (ಮಗ್ಗದ ಉದ್ದಕ್ಕೆ ಹಾಕುವ ಎಳೆಗಳು) ಬೇರೆ, ಸೆರಗಿನ ಹಾಸೇ ಬೇರೆ; ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಜೋಡಿಸಬೇಕೆಂಬುದು ನಮ್ಮ ಜಿಲ್ಲೆಯವರಿಗೆಲ್ಲ ಗೊತ್ತು. ಆ ಹೊತ್ತಿನಲ್ಲಿ ಅವ್ವ ಯಾರೊಂದಿಗೂ ಮಾತನಾಡುವುದಿಲ್ಲ. ಲೆಕ್ಕ ಹೇಳಿಸಿಕೊಳ್ಳಲು ಬಂದ ಮಗಳು ಮಗ್ಗದ ಪಕ್ಕದಲ್ಲಿ ಕುಳಿತು, ಕಾದು ಕಾದು, ಕೊನೆಗೆ ಅದನ್ನು ತಾನೇ ಬಿಡಿಸಿಕೊಳ್ಳುತ್ತಿದ್ದಳು. ಗಣಿತ ಓದಬೇಕೆಂದಿರುವ ಈ ಹುಡುಗಿ ಎಂಥವಳೆಂಬುದು ಆ ನಾಲ್ಕು ಸಾಲುಗಳಲ್ಲೇ ತಿಳಿಯುತ್ತದೆ. ತಿದ್ದಿದವರು ಆ ಸಾಲುಗಳನ್ನೇ ಕಿತ್ತುಹಾಕಿದ್ದರು!

ಅಮೆರಿಕದ ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಆನ್‌ಲೈನ್ ವ್ಯವಸ್ಥೆಯಾದ ಕಾಮನ್ ಆ್ಯಪ್ ಮೂಲಕ ಕಳಿಸುವ ಪ್ರಬಂಧ 250 ಪದಗಳಿಗಿಂತ ಕಡಿಮೆ ಇರಬಾರದು, 650 ದಾಟಬಾರದು. ಅಂಕಪಟ್ಟಿ ಮತ್ತು ಶಿಕ್ಷಕರ ಪತ್ರಗಳು ಬೇರೆಯಾಗಿಯೇ ಹೋಗುತ್ತವೆ; ಅವುಗಳಲ್ಲಿ ಕಾಣಿಸದ ಮನುಷ್ಯರನ್ನು ಕಾಣಲೆಂದೇ ಈ ಪ್ರಬಂಧವನ್ನು ಕೇಳುವುದು. ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಅರ್ಜಿ ಪಡೆಯುವ ಸಂಸ್ಥೆ ಯುಕಾಸ್ ಕೇಳುವುದು ಬೇರೆ. 2026ರ ಪ್ರವೇಶದಿಂದ ಅಲ್ಲಿ ಒಂದೇ ದೀರ್ಘ ಬರಹದ ಬದಲು ಮೂರು ಪ್ರಶ್ನೆಗಳಿವೆ, ಮೊದಲನೆಯದೇ ಈ ವಿಷಯವನ್ನು ಏಕೆ ಓದಬಯಸುತ್ತೀರಿ ಎಂಬುದು. ತಿದ್ದಿದವರು ಎರಡಕ್ಕೂ ಒಂದೇ ಬರಹವನ್ನು ಕೊಟ್ಟಿದ್ದಾರೆ.

ತಪ್ಪು ಅವರೊಬ್ಬರದೇ ಅಲ್ಲ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದು ಎಸ್ಸೆಸ್ಸೆಲ್ಸಿಯವರೆಗೂ ಬಾಯಿಪಾಠ ಮಾಡಿಸಿದವರು ನಾವೇ ಮೇಷ್ಟ್ರುಗಳು. ಗ್ರಂಥಾಲಯದ ಮಹತ್ವದ ಬಗ್ಗೆ ಎರಡು ಪುಟ ಬರೆದ ಹುಡುಗ ತಾನು ಗ್ರಂಥಾಲಯಕ್ಕೆ ಹೋಗಿದ್ದನೋ ಇಲ್ಲವೋ ಎಂದು ನಾವು ಯಾವತ್ತೂ ಕೇಳಲಿಲ್ಲ. 'ನಾನು' ಎಂದು ಬರೆಯಲು ಈ ಮಕ್ಕಳು ಇಂದಿಗೂ ಅಂಜುತ್ತಾರೆ.

ನಮ್ಮ ಕಡೆಯ ಮಕ್ಕಳ ಇಂಗ್ಲಿಷ್ ಸಾಲದು, ದೊಡ್ಡವರು ಬರೆದುಕೊಡದಿದ್ದರೆ ಅವರು ಹಿಂದೆ ಬೀಳುತ್ತಾರೆ ಎಂದು ಪಾಲಕರು ವಾದಿಸುತ್ತಾರೆ. ಅವರ ಅಂಜಿಕೆ ನನಗೆ ಅರ್ಥವಾಗುತ್ತದೆ, ವಾದವನ್ನು ಮಾತ್ರ ಒಪ್ಪಲಾರೆ. ಅರ್ಜಿಯ ಕೊನೆಯಲ್ಲಿ, ಇದು ನನ್ನದೇ ಬರಹ ಎಂದು ಸಹಿ ಮಾಡುವುದು ಆ ಮಗುವೇ. ಹದಿನೇಳು ವರ್ಷದ ಮಗುವಿನ ಕೈಯಿಂದ ಸುಳ್ಳಿಗೆ ಸಹಿ ಹಾಕಿಸುವುದು ಯಾವ ಸಹಾಯ?

ಇದನ್ನು ಹೇಳುವ ನಾನೇ ಆ ತಪ್ಪು ಮಾಡಿದ್ದೇನೆ. ಕೆಲವು ವರ್ಷಗಳ ಹಿಂದೆ ಅಣ್ಣನ ಮಗನಿಗೆ ಇಡೀ ಪ್ರಬಂಧವನ್ನು ನಾನೇ ಬರೆದುಕೊಟ್ಟೆ. ಸಂದರ್ಶನ ಮುಗಿಸಿ ಬಂದವನು ಫೋನಿನಲ್ಲಿ ಹೇಳಿದ್ದು ಇಷ್ಟೇ: "ಕಾಕಾ, ಅದರಾಗಿನ ಒಂದು ಶಬ್ದಕ್ಕ ಅರ್ಥ ಕೇಳಿದ್ರು. ನನಗ ಗೊತ್ತಿರಲಿಲ್ಲ." ಅವನು ಬೈದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ.

ಹೀಗಾಗಿ ನಿನ್ನೆ ನಾನು ಪೆನ್ನು ಹಿಡಿಯಲಿಲ್ಲ, ಪ್ರಶ್ನೆ ಕೇಳುತ್ತಾ ಹೋದೆ. ಅವ್ವ ಮೌನವಾಗಿದ್ದಾಗ ಏನು ಸಪ್ಪಳ ಕೇಳುತ್ತಿತ್ತು, ತಾನೇ ಬಿಡಿಸಿದ ಮೊದಲ ಲೆಕ್ಕ ಯಾವುದು, ಅದನ್ನು ಅವ್ವನಿಗೆ ಹೇಳಿದಳೋ ಇಲ್ಲವೋ. ಮೊದಲು ಕನ್ನಡದಲ್ಲಿ ಬರೆ, ಆಮೇಲೆ ನೀನೇ ಇಂಗ್ಲಿಷಿಗೆ ತಾ ಎಂದೆ. ಇಂದು ಬೆಳಿಗ್ಗೆ ವಾಟ್ಸ್ಆ್ಯಪಿನಲ್ಲಿ 310 ಪದಗಳ ಇಂಗ್ಲಿಷ್ ಬರಹ ಬಂದಿದೆ. ಎರಡನೆಯ ವಾಕ್ಯದಲ್ಲಿ ವ್ಯಾಕರಣದ ತಪ್ಪೊಂದಿದೆ. ಅದೇನೆಂದು ಅವಳೇ ಕಂಡುಕೊಳ್ಳಲಿ ಎಂದು ಗೆರೆ ಎಳೆದು ಕಳಿಸಿದ್ದೇನೆ.